ಚಿಕನ್ ಸೂಪ್ ನೀರು ನೀರಾಗುತ್ತಿದೆಯಾ? ಮೊದಲು ಎಲುಬು ಕೇಳಿ ತನ್ನಿ

ಪ್ರಶ್ನೆ: ಅರ್ಧ ಕೆಜಿ ಬೋನ್‌ಲೆಸ್ ತಂದು ಮನೆಯಲ್ಲಿ ಚಿಕನ್ ಸೂಪ್ ಮಾಡುತ್ತೇನೆ. ಒಂದು ಸಲ ಬಿಸಿನೀರು ಕುಡಿದ ಹಾಗಿರುತ್ತದೆ, ಇನ್ನೊಂದು ಸಲ ಕಾರ್ನ್‌ಫ್ಲೋರ್ ಜಾಸ್ತಿಯಾಗಿ ಗಂಜಿ ಆಗುತ್ತದೆ. ಹೋಟೆಲಿನ ರುಚಿ ಬರುವುದೇ ಇಲ್ಲ. ಅತ್ತೆಗೆ ಮೇಲಿಂದ ಮೇಲೆ ಶೀತ, ಬಿಪಿ ಬೇರೆ ಇದೆ. ಮಕ್ಕಳಿಗೆ ಖಾರ ಆಗುವುದಿಲ್ಲ. ನಾನು ಕೆಲಸಕ್ಕೆ ಹೋಗುವವಳು, ಗಂಟೆಗಟ್ಟಲೆ ಒಲೆ ಮುಂದೆ ನಿಲ್ಲಲು ಆಗುವುದಿಲ್ಲ. ಸೂಪ್ ಕ್ಯೂಬ್ ಹಾಕಬಹುದಾ? ಸುಲಭದ ದಾರಿ ಇದ್ದರೆ ಹೇಳಿ. (ಸಿಂಧನೂರಿನ ಓದುಗರು)

ಉತ್ತರ: ನಿಮ್ಮ ಸೂಪ್ ಯಾಕೆ ನೀರಾಗುತ್ತಿದೆ ಅನ್ನೋದು ನಿಮ್ಮ ಮೊದಲ ಸಾಲಿನಲ್ಲೇ ಇದೆ. ಬೋನ್‌ಲೆಸ್. ಅದು ಕಬಾಬಿಗೆ ಸರಿ, ಫ್ರೈಗೆ ಸರಿ, ಸೂಪಿಗೆ ಅದರಿಂದ ಸಿಗುವುದು ಬಹಳ ಕಡಿಮೆ. ದುಡ್ಡು ಜಾಸ್ತಿ ಕೊಟ್ಟು ಸೂಪಿಗೆ ಬೇಕಾದದ್ದನ್ನೆಲ್ಲ ಅಂಗಡಿಯಲ್ಲೇ ಬಿಟ್ಟು ಬರುತ್ತಿದ್ದೀರಿ. ಬೆನ್ನು, ಕುತ್ತಿಗೆ, ರೆಕ್ಕೆಯ ತುದಿ, ಕೋಳಿ ಕಾಲು, ಇವು ಬೇಕು ಸೂಪಿಗೆ. ಇವುಗಳ ಕೀಲು, ಚರ್ಮ, ಮೆತ್ತೆಲುಬಿನಲ್ಲಿ ಕೊಲಾಜನ್ ಅನ್ನೋ ಒಂದು ಪ್ರೋಟೀನ್ ಇರುತ್ತದೆ. ಅದು ನೀರಿನಲ್ಲಿ ಹೊತ್ತು ಬೆಂದರೆ ಜಿಲೆಟಿನ್ ಆಗಿ ಕರಗಿ ನೀರಿಗೆ ಮೈ ಕೊಡುತ್ತದೆ. ಸಂಜೆ ಹೊತ್ತು ಗಾಡಿಯಲ್ಲಿ ಕಾಲು ಸೂಪ್ ಕುಡಿದಿದ್ದರೆ ಗೊತ್ತಿರುತ್ತದೆ, ಎರಡು ಗುಟುಕು ಆದ ಮೇಲೆ ತುಟಿಗೆ ತುಟಿ ಅಂಟುತ್ತದಲ್ಲ, ಅದೇ ಇದು. ಹಿಟ್ಟು ಹಾಕಿ ತರುವ ದಪ್ಪಕ್ಕೂ ಇದಕ್ಕೂ ಸಂಬಂಧವಿಲ್ಲ. ಎಲುಬಿನ ರಸ ಸರಿಯಾಗಿ ಇಳಿದಿದ್ದರೆ ಕಾರ್ನ್‌ಫ್ಲೋರ್ ಇಲ್ಲದೆಯೇ ಸೂಪ್ ನಾಲಿಗೆ ಮೇಲೆ ನಿಲ್ಲುತ್ತದೆ.

ಹಾಗಾಗಿ ಅಂಗಡಿಗೆ ಹೋದಾಗ 'ಸೂಪಿಗೆ ಬೇಕು, ಬೆನ್ನು, ಕುತ್ತಿಗೆ, ಕಾಲು ಕೊಡಿ' ಅಂತ ಬಾಯಿ ಬಿಟ್ಟು ಕೇಳಿ. ನಮ್ಮ ಕಡೆ ಸಂಕೋಚ ಜಾಸ್ತಿ, ಬಡವರ ಮಾಲು ಕೇಳಿದ ಹಾಗಾಗುತ್ತದೆ ಅಂದುಕೊಳ್ಳುತ್ತಾರೆ. ಹಾಗೇನಿಲ್ಲ, ಅಡುಗೆ ಬಲ್ಲವರು ಕೇಳುವುದೇ ಅದನ್ನು. ನಾಲ್ಕು ಜನಕ್ಕೆ ಅರ್ಧ ಕೆಜಿ ಎಲುಬಿನ ತುಂಡು, ಐದಾರು ಕಾಲು, ತಿನ್ನಲು ಮಾಂಸ ಬೇಕು ಅಂದರೆ ಒಂದೆರಡು ಲೆಗ್ ಪೀಸ್, ಇಷ್ಟು ಸಾಕು. ಬೋನ್‌ಲೆಸ್‌ಗೆ ಕೊಡುವುದಕ್ಕಿಂತ ಕಡಿಮೆ ದುಡ್ಡಿನಲ್ಲಿ ಮುಗಿಯುತ್ತದೆ.

ಕಾಲನ್ನು ಮಾತ್ರ ಸ್ವಲ್ಪ ನೋಡಿ ತೊಳೆಯಬೇಕು. ಅಂಗಡಿಯವರು ಮೇಲಿನ ಹಳದಿ ಸಿಪ್ಪೆ ತೆಗೆದಿರದಿದ್ದರೆ ಕುದಿಯುವ ನೀರಿನಲ್ಲಿ ಅರ್ಧ ನಿಮಿಷ ಅದ್ದಿ ತೆಗೆಯಿರಿ, ಆ ಸಿಪ್ಪೆ ಕಾಲುಚೀಲ ಜಾರಿದ ಹಾಗೆ ಕಳಚಿ ಬರುತ್ತದೆ. ಜಾಸ್ತಿ ಹೊತ್ತು ಬಿಟ್ಟರೆ ಸಿಪ್ಪೆ ಅಲ್ಲೇ ಕಚ್ಚಿಕೊಳ್ಳುತ್ತದೆ, ಆಮೇಲೆ ಎಷ್ಟು ಎಳೆದರೂ ಬರುವುದಿಲ್ಲ. ಉಗುರನ್ನು ಮೊದಲ ಗೆಣ್ಣಿನವರೆಗೆ ಕತ್ತರಿಸಿ ಹಾಕಿ. ಉಳಿದ ತುಂಡುಗಳನ್ನು ನಲ್ಲಿ ಜೋರಾಗಿ ಬಿಟ್ಟು ತೊಳೆಯಬೇಡಿ. ಹಸಿ ಕೋಳಿಯ ನೀರು ಸುತ್ತಲಿನ ಪಾತ್ರೆ, ತರಕಾರಿಗೆಲ್ಲ ಸಿಡಿಯುತ್ತದೆ, ಹೊಟ್ಟೆ ಕೆಡುವುದು ಅಲ್ಲಿಂದಲೇ. ತೊಳೆಯಲೇಬೇಕು ಅನಿಸಿದರೆ ಬೋಗುಣಿಯಲ್ಲಿ ನೀರು ತುಂಬಿ, ಅದರೊಳಗೆ ಮೆಲ್ಲಗೆ ಆಡಿಸಿ ತೆಗೆಯಿರಿ.

ಇನ್ನು ನೀರು. ರಾಯಚೂರು ಜಿಲ್ಲೆಯ ಎಷ್ಟೋ ಊರಲ್ಲಿ ಬೋರಿನ ನೀರು ಸವಳು. ಸಾರಿಗೆ ಹಾಕಿದರೆ ಹುಣಸೆಹುಳಿ, ಮಸಾಲೆಯಲ್ಲಿ ಮುಚ್ಚಿಹೋಗುತ್ತದೆ. ಸೂಪಿನಲ್ಲಿ ಮುಚ್ಚುವುದಕ್ಕೆ ಏನೂ ಇಲ್ಲ, ಬೆಂದಷ್ಟೂ ನೀರು ಇಂಗಿ ಸವಳು ಇನ್ನೂ ಎದ್ದು ಕಾಣುತ್ತದೆ. ಕುಡಿಯಲು ತರುವ ಕ್ಯಾನ್ ನೀರನ್ನೇ ಇದಕ್ಕೂ ಬಳಸಿ. ಒಂದೂಮುಕ್ಕಾಲು ಲೀಟರ್ ಸಾಕು, ಜಿಪುಣತನ ಬೇಡ.

ಕೋಳಿ ಯಾವುದು ಅನ್ನೋದು ಮುಂದಿನ ಮಾತು. ಬ್ರಾಯ್ಲರ್ ಕೋಳಿ ಸುಮಾರು ಆರು ವಾರಕ್ಕೇ ಎರಡು ಕೆಜಿ ಆಗಿ ಅಂಗಡಿಗೆ ಬಂದುಬಿಡುತ್ತದೆ. ಎಳೆಯದು, ಬೇಗ ಬೇಯುತ್ತದೆ, ಆದರೆ ರುಚಿ ಕಡಿಮೆ. ಜವಾರಿ ಕೋಳಿ ತಿಂಗಳುಗಟ್ಟಲೆ ಓಡಾಡಿ, ಕೆದಕಿ, ತಿಂದು ಬೆಳೆದದ್ದು, ಅದರ ರಸದ ಗಮ್ಮತ್ತೇ ಬೇರೆ. ಆದರೆ ವಾರ ವಾರ ಜವಾರಿ ತರುವಷ್ಟು ಅದು ಅಗ್ಗವಲ್ಲ. ಇವೆರಡರ ನಡುವೆ ಇನ್ನೊಂದಿದೆ, ಹೆಚ್ಚಿನವರು ಅದರ ಕಡೆ ನೋಡುವುದೇ ಇಲ್ಲ: ಮೊಟ್ಟೆ ಕೋಳಿ. ಹೊಸಪೇಟೆ, ಬಳ್ಳಾರಿ ಸುತ್ತ ಮೊಟ್ಟೆ ಫಾರಂಗಳು ಬಹಳ. ಒಂದೂವರೆ ವರ್ಷದ ಹೊತ್ತಿಗೆ ಮೊಟ್ಟೆ ಕಡಿಮೆಯಾದ ಕೋಳಿಗಳನ್ನು ಮಾರಿಬಿಡುತ್ತಾರೆ. ಮಾಂಸ ಗಟ್ಟಿ ಅಂತ ಜನ ಬೇಡ ಅನ್ನುತ್ತಾರೆ. ಸೂಪಿಗೆ ಅದು ಹೇಳಿ ಮಾಡಿಸಿದ್ದು. ವಯಸ್ಸಾದ ಕೋಳಿ, ರಸ ಗಟ್ಟಿ, ಬಂಗಾರದ ಬಣ್ಣದ ಕೊಬ್ಬು. ನಿಮ್ಮ ಅಂಗಡಿಯಲ್ಲಿ ಸಿಗುತ್ತದಾ ಅಂತ ಒಂದು ಸಲ ಕೇಳಿ ನೋಡಿ. ಮನೆ ಹಿತ್ತಲಲ್ಲಿ ಗಿರಿರಾಜ ತಳಿಯ ಕೋಳಿ ಸಾಕಿದವರಿದ್ದರೆ ಅದೂ ನಡೆಯುತ್ತದೆ.

ಈಗ ಕುದಿಸುವ ವಿಷಯ. ಎಲುಬು, ಕಾಲನ್ನು ಕುಕ್ಕರಿಗೆ ಹಾಕಿ, ತಣ್ಣೀರು ಸುರಿದು, ಮುಚ್ಚಳ ಹಾಕದೆ ಒಲೆ ಹಚ್ಚಿ. ಬಿಸಿನೀರು ಹಾಕಬೇಡಿ. ತಣ್ಣೀರಿನಿಂದ ಮೆಲ್ಲಗೆ ಕಾಯುತ್ತಾ ಬಂದರೆ ಮಾಂಸದೊಳಗಿನ ರಕ್ತದ ಅಂಶ, ಕರಗುವ ಪ್ರೋಟೀನು ಎಲ್ಲ ಹೊರಗೆ ಬಂದು ಬೂದುಬಣ್ಣದ ನೊರೆಯಾಗಿ ಮೇಲೆ ಕಟ್ಟುತ್ತದೆ. ಅದನ್ನು ಸೌಟಿನಿಂದ ಅಂಚಿಗೆ ತಂದು ಎತ್ತಿ ಚೆಲ್ಲಿ. ಏಳೆಂಟು ನಿಮಿಷದ ಕೆಲಸ, ಇಡೀ ಅಡುಗೆಯಲ್ಲಿ ನೀವು ನಿಂತು ಮಾಡಲೇಬೇಕಾದ್ದು ಇದೊಂದೇ. ಬೂದು ನೊರೆ ನಿಂತು ಬಿಳಿ ನೊರೆ ಬರಲು ಶುರುವಾದರೆ ಸಾಕು.

ಆಮೇಲೆ ಒಂದು ಉಳ್ಳಾಗಡ್ಡಿಯನ್ನು ಎರಡು ಹೋಳು ಮಾಡಿ, ಐದಾರು ಎಸಳು ಬೆಳ್ಳುಳ್ಳಿ ಜಜ್ಜಿ, ಹೆಬ್ಬೆರಳಷ್ಟು ಹಸಿಶುಂಠಿ, ಹತ್ತು ಕಾಳುಮೆಣಸು, ಒಂದು ಚಿಕ್ಕ ಚೂರು ಚಕ್ಕೆ, ಕೊತ್ತಂಬರಿ ಸೊಪ್ಪಿನ ದಂಟು ಹಾಕಿ. ಎಲೆ ಈಗ ಬೇಡ, ದಂಟು ಮಾತ್ರ. ದಂಟಿನ ವಾಸನೆ ಕುದಿಗೆ ತಡೆಯುತ್ತದೆ, ಎಲೆಯದು ಹಾರಿಹೋಗುತ್ತದೆ. ಲವಂಗ, ಏಲಕ್ಕಿ, ಧನಿಯಾ ಪುಡಿ, ಗರಂ ಮಸಾಲೆ ಯಾವುದೂ ಬೇಡ. ಇದೇ ನಮ್ಮ ಮನೆಗಳಲ್ಲಿ ಆಗುವ ತೊಂದರೆ, ಕೈ ತಾನಾಗಿಯೇ ಮಸಾಲೆ ಡಬ್ಬಿಗೆ ಹೋಗುತ್ತದೆ. ಮಸಾಲೆ ಹಾಕಿದ ಕೂಡಲೇ ಅದು ಸಾರು. ರೊಟ್ಟಿಗೆ, ಅನ್ನಕ್ಕೆ ಚೆನ್ನ. ಲೋಟದಲ್ಲಿ ಹಿಡಿದು ಕುಡಿಯಲು ಬರುವುದಿಲ್ಲ.

ಮುಚ್ಚಳ ಹಾಕಿ ಒಂದು ಸೀಟಿ ಬಂದ ತಕ್ಷಣ ಉರಿಯನ್ನು ಪೂರ್ತಿ ಸಣ್ಣ ಮಾಡಿ. ಬ್ರಾಯ್ಲರ್ ಆದರೆ ಅರ್ಧ ಗಂಟೆ, ಮೊಟ್ಟೆ ಕೋಳಿಯೋ ಜವಾರಿಯೋ ಆದರೆ ಐವತ್ತು ನಿಮಿಷದಿಂದ ಒಂದು ಗಂಟೆ. ಸೀಟಿ ಎಣಿಸಬೇಡಿ, ಗಡಿಯಾರ ನೋಡಿ. ಪ್ರೆಶರ್ ಪೂರ್ತಿ ಏರಿದಾಗ ಕುಕ್ಕರ್ ಒಳಗೆ 120 ಡಿಗ್ರಿ ಹತ್ತಿರ ಬಿಸಿ ಇರುತ್ತದೆ, ತೆರೆದ ಪಾತ್ರೆಯಲ್ಲಿ ಎರಡು ಮೂರು ಗಂಟೆ ಹಿಡಿಯುವ ಕೆಲಸ ಅಷ್ಟರಲ್ಲೇ ಮುಗಿಯುತ್ತದೆ. ನೀವು ಅಷ್ಟರಲ್ಲಿ ಮಕ್ಕಳ ಹೋಮ್‌ವರ್ಕ್ ನೋಡಬಹುದು, ರೊಟ್ಟಿ ಬಡಿಯಬಹುದು.

ಇಲ್ಲಿ ಒಂದು ಮಾತು ಮಾತ್ರ ಮರೆಯಬೇಡಿ. ಗ್ಯಾಸ್ ಆರಿಸಿದ ಮೇಲೆ ಸೀಟಿ ಎತ್ತಿ ಪುಸ್ ಅಂತ ಗಾಳಿ ಬಿಡಬೇಡಿ, ನಲ್ಲಿ ಕೆಳಗೂ ಹಿಡಿಯಬೇಡಿ. ಪ್ರೆಶರ್ ಒಮ್ಮೆಲೇ ಇಳಿದರೆ ಒಳಗಿನ ರಸ ಉಕ್ಕಿ ಉಕ್ಕಿ ಕುದಿಯುತ್ತದೆ, ಮೇಲೆ ತೇಲುತ್ತಿದ್ದ ಕೊಬ್ಬು ಸಣ್ಣ ಸಣ್ಣ ಹನಿಯಾಗಿ ಒಡೆದು ನೀರಿನೊಳಗೆ ಸೇರಿಕೊಳ್ಳುತ್ತದೆ. ಆಗ ರಸ ಕಲಗಚ್ಚಿನ ಬಣ್ಣಕ್ಕೆ ತಿರುಗುತ್ತದೆ, ಬಾಯಿಗೆ ಜಿಡ್ಡು ಜಿಡ್ಡು. ತಾನಾಗಿ ಇಳಿಯಲು ಬಿಡಿ. ಮುಚ್ಚಳ ತೆಗೆದಾಗ ತಿಳಿಯಾದ ಹೊಂಬಣ್ಣದ ರಸ, ಅದರ ಮೇಲೆ ಬೇರೆಯಾಗಿ ನಿಂತ ಎಣ್ಣೆಯ ಕಣ್ಣುಗಳು ಕಂಡರೆ ಕೆಲಸ ಸರಿಯಾಗಿದೆ ಅಂತ.

ತೆರೆದ ಪಾತ್ರೆಯಲ್ಲೇ ಮಾಡುತ್ತೇನೆ ಅನ್ನುವವರಿಗೂ ನಿಯಮ ಅದೇ. ಕೊತ ಕೊತ ಕುದಿಸಬೇಡಿ. ಪಾತ್ರೆಯ ಅಂಚಿನಲ್ಲಿ ಒಂದು ಗುಳ್ಳೆ ಎದ್ದು, ಒಡೆದು, ಸ್ವಲ್ಪ ಹೊತ್ತಿಗೆ ಇನ್ನೊಂದು ಕಡೆ ಇನ್ನೊಂದು ಗುಳ್ಳೆ ಏಳಬೇಕು, ಉರಿ ಅಷ್ಟೇ ಇರಬೇಕು.

ಲೆಗ್ ಪೀಸನ್ನು ಕುಕ್ಕರಿಗೆ ಹಾಕಲಿಲ್ಲ ಅಂತ ಗಮನಿಸಿರಬೇಕು. ಬೇಕಂತಲೇ ಬಿಟ್ಟದ್ದು. ಎಲುಬಿಗೆ ಅರ್ಧ ಗಂಟೆ ಬೇಕು, ಬ್ರಾಯ್ಲರ್ ಮಾಂಸಕ್ಕೆ ಅಷ್ಟು ಹೊತ್ತು ಪ್ರೆಶರ್ ಕೊಟ್ಟರೆ ನಾರು ನಾರಾಗಿ ಸಪ್ಪೆಯಾಗುತ್ತದೆ. ರಸ ಸೋಸಿದ ಮೇಲೆ ಲೆಗ್ ಪೀಸನ್ನು ಅದರಲ್ಲಿ ಹಾಕಿ, ಸಣ್ಣ ಉರಿಯಲ್ಲಿ ಇಪ್ಪತ್ತು ಇಪ್ಪತ್ತೈದು ನಿಮಿಷ ಬೇಯಿಸಿ. ಎಲುಬಿನ ಹತ್ತಿರ ಕೆಂಪು ಉಳಿದಿರಬಾರದು. ತೆಗೆದು, ಆರಿಸಿ, ಕೈಯಿಂದಲೇ ಎಳೆ ಎಳೆಯಾಗಿ ಬಿಡಿಸಿಕೊಳ್ಳಿ, ಸೂಪ್ ಇಳಿಸುವಾಗ ಮತ್ತೆ ಹಾಕಿದರಾಯಿತು.

ಉಪ್ಪು ಕೊನೆಗೆ. ರಸ ಇಂಗುತ್ತಾ ಹೋಗುವುದರಿಂದ ಮೊದಲೇ ಹಾಕಿದ ಉಪ್ಪು ಆಮೇಲೆ ಜಾಸ್ತಿಯಾಗುತ್ತದೆ. ಲೀಟರ್ ರಸಕ್ಕೆ ಒಂದು ಟೀ ಚಮಚದಿಂದ ಶುರು ಮಾಡಿ, ರುಚಿ ನೋಡುತ್ತಾ ಒಂದೂವರೆವರೆಗೆ ಹೋಗಬಹುದು. ಅತ್ತೆಯವರ ಲೋಟಕ್ಕೆ ಬೇಕಾದ ರಸವನ್ನು ಉಪ್ಪು ಹಾಕುವ ಮೊದಲೇ ಬೇರೆ ತೆಗೆದಿಡಿ. ಅವರದ್ದಕ್ಕೆ ಚಿಟಿಕೆ ಉಪ್ಪು, ಅರ್ಧ ನಿಂಬೆಹಣ್ಣು. ಹುಳಿ ಇದ್ದರೆ ಉಪ್ಪು ಕಡಿಮೆಯಾದದ್ದು ಅಷ್ಟಾಗಿ ಗೊತ್ತಾಗುವುದಿಲ್ಲ. ಸೂಪ್ ಕ್ಯೂಬಿನ ವಿಷಯಕ್ಕೆ ನನ್ನ ಉತ್ತರವೂ ಇಲ್ಲೇ ಇದೆ. ಅದರಲ್ಲಿ ಬಹುಪಾಲು ಇರುವುದು ಉಪ್ಪು, ಜೊತೆಗೆ ರುಚಿ ಹೆಚ್ಚಿಸುವ ಪುಡಿಗಳು. ಬಿಪಿ ಇರುವ ಮನೆಯಲ್ಲಿ ಅದು ಬೇಡ.

ಹೋಟೆಲ್ ರುಚಿ ಬರುವುದಿಲ್ಲ ಅಂದಿರಿ. ಅಲ್ಲಿ ಅಜಿನೊಮೊಟೊ ಹಾಕುವುದು ಉಂಟು. ಅದು ವಿಷ ಅನ್ನೋ ಮಾತನ್ನು ನಾನು ಹೇಳುವುದಿಲ್ಲ, ಅದು ಗ್ಲುಟಮೇಟ್ ಅನ್ನೋ ವಸ್ತುವಿನ ಉಪ್ಪು. ಜಪಾನಿನ ಕಿಕುನಾಯೆ ಇಕೆಡಾ ಅನ್ನೋ ವಿಜ್ಞಾನಿ 1908ರಲ್ಲಿ ಸಮುದ್ರದ ಪಾಚಿಯ ಸಾರಿನಲ್ಲಿ ಈ ರುಚಿಯ ಮೂಲ ಕಂಡುಹಿಡಿದ. ಅದೇ ಗ್ಲುಟಮೇಟ್ ಹಣ್ಣಾದ ಟೊಮೆಟೊದಲ್ಲಿ, ಅಣಬೆಯಲ್ಲಿ ತಾನಾಗಿಯೇ ಇದೆ. ಕೋಳಿ ಮಾಂಸದಲ್ಲಿ ಇನೊಸಿನೇಟ್ ಅಂತ ಇನ್ನೊಂದಿದೆ. ಎರಡೂ ಸೇರಿದರೆ ರುಚಿ ಕೂಡುವುದಿಲ್ಲ, ಗುಣಿಸುತ್ತದೆ. ಹಾಗಾಗಿ ಎಲುಬಿನ ಜೊತೆ ಕುಕ್ಕರಿಗೆ ಒಂದು ಚೆನ್ನಾಗಿ ಹಣ್ಣಾದ ಟೊಮೆಟೊ ಹಾಕಿ ನೋಡಿ. ಒಂದೇ ಸಾಕು, ಎರಡಾದರೆ ಅದು ಟೊಮೆಟೊ ಸೂಪ್ ಆಗುತ್ತದೆ. ಇನ್ನೂ ಗಾಢ ಬೇಕಾ, ಎಲುಬನ್ನು ನೊರೆ ತೆಗೆಯುವ ಬದಲು ಒಂದು ಚಮಚ ಎಣ್ಣೆಯಲ್ಲಿ ಉಳ್ಳಾಗಡ್ಡಿ ಜೊತೆ ಕಂದು ಬಣ್ಣ ಬರುವ ತನಕ ಹುರಿದು ಆಮೇಲೆ ನೀರು ಹಾಕಿ. ರಸ ತಿಳಿಯಾಗಿ ಬರುವುದಿಲ್ಲ, ಆದರೆ ಹುರಿದ ಪರಿಮಳ ಬರುತ್ತದೆ. ನನಗೆ ತಿಳಿ ರಸವೇ ಇಷ್ಟ, ಆದರೆ ಗಂಡಸರು ಕೂತು ಕುಡಿಯುವ ಮನೆಗಳಲ್ಲಿ ಹುರಿದದ್ದನ್ನೇ ಕೇಳುತ್ತಾರೆ.

ರಸ ಸಿದ್ಧವಾಯಿತು ಅಂದರೆ ಸೂಪ್ ಮುಕ್ಕಾಲು ಮುಗಿದ ಹಾಗೆ. ಒಂದೇ ರಸದಿಂದ ಮನೆಯವರಿಗೆಲ್ಲ ಅವರವರಿಗೆ ಬೇಕಾದ ಹಾಗೆ ಮಾಡಿಕೊಡಬಹುದು.

ಅತ್ತೆಯವರಿಗೆ ಮೆಣಸಿನ ಸೂಪ್. ಒಂದು ಚಮಚ ಕಾಳುಮೆಣಸು, ಅರ್ಧ ಚಮಚ ಜೀರಿಗೆ, ನಾಲ್ಕು ಎಸಳು ಜವಾರಿ ಬೆಳ್ಳುಳ್ಳಿಯನ್ನು ಕಲ್ಲಿನಲ್ಲಿ ತರಿತರಿಯಾಗಿ ಕುಟ್ಟಿ. ಮಿಕ್ಸಿ ಬೇಡ, ಡಬ್ಬಿಯ ಮೆಣಸಿನ ಪುಡಿ ಅಂತೂ ಬೇಡವೇ ಬೇಡ, ಪುಡಿ ಮಾಡಿಟ್ಟ ಮೆಣಸಿನಲ್ಲಿ ಖಾರ ಉಳಿದಿರುತ್ತದೆ, ಪರಿಮಳ ಹೋಗಿರುತ್ತದೆ. ಅರ್ಧ ಚಮಚ ತುಪ್ಪದಲ್ಲಿ ಕರಿಬೇವು ಚಟಪಟ ಅನ್ನಿಸಿ, ಕುಟ್ಟಿದ್ದನ್ನು ಹಾಕಿ, ಬೆಳ್ಳುಳ್ಳಿಯ ಹಸಿ ವಾಸನೆ ಹೋಗುತ್ತಿದ್ದ ಹಾಗೆ ಮೂರು ಲೋಟ ರಸ ಸುರಿದು, ಚಿಟಿಕೆ ಅರಿಶಿನ ಹಾಕಿ ಮೂರೇ ನಿಮಿಷ ಕುದಿಸಿ ಇಳಿಸಿ. ಜಾಸ್ತಿ ಕುದಿಸಿದರೆ ಮೆಣಸು ಕಹಿ ಬಿಡುತ್ತದೆ. ನಿಂಬೆರಸ ಒಲೆಯಿಂದ ಇಳಿಸಿದ ಮೇಲೆ.

ಶೀತಕ್ಕೆ ಇದು ನಿಜವಾಗಿ ಕೆಲಸ ಮಾಡುತ್ತದಾ ಅಂತ ಎಲ್ಲರೂ ಕೇಳುತ್ತಾರೆ. ನಮ್ಮ ಅಜ್ಜಿಯಂದಿರು ಮಾತ್ರ ಅಲ್ಲ, 12ನೇ ಶತಮಾನದ ಮೈಮೊನಿಡೀಸ್ ಅನ್ನೋ ವೈದ್ಯರೂ ಕೋಳಿ ರಸ ಕುಡಿಸಿ ಅಂತ ಬರೆದಿದ್ದರು. 1978ರಲ್ಲಿ ಅಮೆರಿಕದ ವೈದ್ಯರು ಪರೀಕ್ಷೆ ಮಾಡಿದಾಗ ಬಿಸಿ ಚಿಕನ್ ಸೂಪ್ ಕುಡಿದವರ ಮೂಗಿನ ಕಫ ಬೇಗ ಸರಿಯಿತು. 2000ದಲ್ಲಿ ನೆಬ್ರಾಸ್ಕಾದ ಸ್ಟೀಫನ್ ರೆನ್ನಾರ್ಡ್ ಅವರ ತಂಡ ಉರಿಯೂತಕ್ಕೆ ಸಂಬಂಧಪಟ್ಟ ಬಿಳಿ ರಕ್ತಕಣಗಳ ಓಡಾಟವನ್ನು ಚಿಕನ್ ಸೂಪ್ ಸ್ವಲ್ಪ ತಗ್ಗಿಸುತ್ತದೆ ಅಂತ ತೋರಿಸಿತು, ಆದರೆ ಅದು ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ನೋಡಿದ್ದು, ಮನುಷ್ಯರಲ್ಲಿ ಅಲ್ಲ. ಮೂಗು ಬಿಡುತ್ತದೆ, ಗಂಟಲಿಗೆ ಹಿತ, ಊಟ ಸೇರದಿದ್ದಾಗ ಹೊಟ್ಟೆಗೆ ಏನೋ ಒಂದು ಹೋಗುತ್ತದೆ. ಮೇಲಿಂದ ಮೇಲೆ ಶೀತ ಅಂತೀರಿ, ಹಾಗಿದ್ದರೆ ಒಂದು ಸಲ ಡಾಕ್ಟರಿಗೂ ತೋರಿಸಿ.

ಮಕ್ಕಳಿಗೆ ನಾನು ಹೇಳುವುದು ಜೋಳದ ನುಚ್ಚಿನ ಸೂಪ್. ಹೋಟೆಲಿನ ಸ್ವೀಟ್ ಕಾರ್ನ್ ಸೂಪಿಗಿಂತ ಇದು ಚೆನ್ನ ಅಂತ ನನ್ನ ಖಚಿತ ಅಭಿಪ್ರಾಯ, ಬಿಳಿ ಜೋಳ ಬೆಳೆಯುವ ನಾಡಿನಲ್ಲಿದ್ದು ಪ್ಯಾಕೆಟ್ ಕಾರ್ನ್‌ಫ್ಲೋರಿಗೆ ಯಾಕೆ ಹೋಗಬೇಕು? ಎರಡು ದೊಡ್ಡ ಚಮಚ ನುಚ್ಚನ್ನು ಒಂದು ಗಂಟೆ ನೆನೆಸಿ, ನಾಲ್ಕು ಲೋಟ ರಸದಲ್ಲಿ ಸಣ್ಣ ಉರಿಯಲ್ಲಿ ಇಪ್ಪತ್ತು ಇಪ್ಪತ್ತೈದು ನಿಮಿಷ ಬೇಯಿಸಿ. ನುಚ್ಚು ಅರಳಿ, ಅದರ ಗಂಜಿ ರಸಕ್ಕೆ ಇಳಿದು ತಾನಾಗಿಯೇ ದಪ್ಪ ಬರುತ್ತದೆ. ಸಣ್ಣಗೆ ಹೆಚ್ಚಿದ ಗಜ್ಜರಿ, ಬಿಡಿಸಿಟ್ಟ ಮಾಂಸ, ಉಪ್ಪು, ಇಷ್ಟೇ. ಬೇಕಿದ್ದರೆ ಒಂದು ಮೊಟ್ಟೆ ಒಡೆದು ಕದಡಿ, ಸೂಪ್ ಕುದಿ ನಿಂತ ಮೇಲೆ ಎಳೆಯ ಹಾಗೆ ಸಣ್ಣ ಧಾರೆಯಲ್ಲಿ ಬಿಟ್ಟು, ಹತ್ತು ಸೆಕೆಂಡ್ ಸುಮ್ನೆ ಬಿಟ್ಟು ಆಮೇಲೆ ಒಂದೇ ಕಡೆಗೆ ತಿರುಗಿಸಿ, ಮತ್ತೆ ಒಂದು ಕುದಿ ಬರಿಸಿ ಇಳಿಸಿ. ನುಚ್ಚು ಇಲ್ಲದಿದ್ದರೆ ಒಂದೂವರೆ ಚಮಚ ಜೋಳದ ಹಿಟ್ಟನ್ನು ತಣ್ಣೀರಲ್ಲಿ ಗಂಟಿಲ್ಲದ ಹಾಗೆ ಕಲಸಿ ಹಾಕಿ. ಆದರೆ ಕಾರ್ನ್‌ಫ್ಲೋರಿನ ಹಾಗೆ ಒಂದು ಕುದಿಗೆ ಇಳಿಸಬೇಡಿ, ಆರೇಳು ನಿಮಿಷ ಬೇಯಬೇಕು, ಇಲ್ಲದಿದ್ದರೆ ಹಸಿ ಹಿಟ್ಟಿನ ವಾಸನೆ.

ನಿಮಗೂ ನಿಮ್ಮ ಮನೆಯವರಿಗೂ ಪುಂಡಿ ಪಲ್ಯದ, ಅಂದರೆ ಹುಳಿ ಇರುವ ಪುಂಡಿ ಸೊಪ್ಪಿನ (ಗೋಂಗುರ) ಸೂಪ್. ನಮ್ಮ ಕಡೆ ಪುಂಡಿ ಪಲ್ಯಕ್ಕೆ ಬರವಿಲ್ಲ. ಒಂದು ಹಿಡಿ ಎಲೆ ಬಿಡಿಸಿ ತೊಳೆದು, ಒಂದು ಚಮಚ ಶೇಂಗಾ ಎಣ್ಣೆಯಲ್ಲಿ ಜಜ್ಜಿದ ಬೆಳ್ಳುಳ್ಳಿ, ಸೀಳಿದ ಎರಡು ಹಸಿಮೆಣಸಿನಕಾಯಿ ಜೊತೆ ಬಾಡಿಸಿ. ಹಸಿರು ಬಣ್ಣ ಹೋಗಿ ಕಂದು ತಿರುಗಿ ಎಲೆ ಮುದ್ದೆಯಾಗುತ್ತದೆ, ಆಗ ರಸ ಹಾಕಿ ಐದು ನಿಮಿಷ ಕುದಿಸಿ. ಹುಳಿಗೆ ಬೇರೇನೂ ಬೇಡ, ನಿಂಬೆಯೂ ಬೇಡ. ಇದಕ್ಕೆ ಜೊತೆಗೊಂದು ಬಿಸಿ ರೊಟ್ಟಿ ಇದ್ದರೆ ರಾತ್ರಿ ಊಟ ಬೇರೆ ಬೇಕಾಗುವುದಿಲ್ಲ. ಈ ಸೂಪಿಗೆ ಮಾತ್ರ ಟೊಮೆಟೊ ಹಾಕದ ರಸ ಇರಲಿ, ಎರಡು ಹುಳಿ ಒಂದಕ್ಕೊಂದು ಹೊಂದುವುದಿಲ್ಲ.

ಟೈಮ್ ಇಲ್ಲ ಅನ್ನುವವರಿಗೆ ದಾರಿ ಅಂದರೆ ಭಾನುವಾರ ಒಂದೇ ಸಲ ದೊಡ್ಡ ಕುಕ್ಕರಿನಲ್ಲಿ ರಸ ಮಾಡಿಟ್ಟುಕೊಳ್ಳುವುದು. ಆದರೆ ನಮ್ಮ ಬಿಸಿಲಿನಲ್ಲಿ ಇಡುವ ವಿಧಾನ ಗೊತ್ತಿರಬೇಕು. ಮಾರ್ಚ್ ದಾಟಿದರೆ ರಾಯಚೂರು, ಬಳ್ಳಾರಿ, ಕೊಪ್ಪಳದಲ್ಲಿ 40 ಡಿಗ್ರಿ ಮಾಮೂಲು. ಅಷ್ಟು ಸೆಕೆಯಲ್ಲಿ ಕೋಳಿ ರಸ ಒಂದು ಗಂಟೆಗಿಂತ ಜಾಸ್ತಿ ಹೊರಗೆ ಇರಬಾರದು. ಕುದಿಸಿದ್ದೇನಲ್ಲ, ಏನಾಗುತ್ತದೆ ಅನ್ನಬೇಡಿ, ಕುದಿಗೂ ಸಾಯದ ಕ್ರಿಮಿಬೀಜಗಳಿವೆ, ಉಗುರುಬೆಚ್ಚಗಿನ ರಸ ಅವಕ್ಕೆ ಹಬ್ಬ. ರಸ ಸೋಸಿದ ಕೂಡಲೇ ಅಗಲವಾದ ಪಾತ್ರೆಗೆ ಸುರಿದು, ಆ ಪಾತ್ರೆಯನ್ನು ತಣ್ಣೀರು ತುಂಬಿದ ದೊಡ್ಡ ಬೋಗುಣಿಯಲ್ಲಿಡಿ. ನೀರು ಬಿಸಿಯಾದಾಗ ಬದಲಿಸಿ, ಇದ್ದರೆ ನಾಲ್ಕು ಐಸ್ ತುಂಡು ಹಾಕಿ. ಅರ್ಧ ಗಂಟೆಯಲ್ಲಿ ತಣ್ಣಗಾಗುತ್ತದೆ. ಆಮೇಲೆ ಸಣ್ಣ ಸ್ಟೀಲ್ ಡಬ್ಬಿಗಳಿಗೆ ಹಂಚಿ ಫ್ರಿಜ್‌ಗೆ. ದೊಡ್ಡ ಪಾತ್ರೆಯಲ್ಲೇ ಬಿಸಿಬಿಸಿ ಇಟ್ಟರೆ ನಡುವಿನ ರಸ ಗಂಟೆಗಟ್ಟಲೆ ಬೆಚ್ಚಗೇ ಉಳಿಯುತ್ತದೆ.

ಮಾರನೇ ದಿನ ಡಬ್ಬಿ ತೆಗೆದಾಗ ರಸ ಜೆಲ್ಲಿಯ ಹಾಗೆ ಗಟ್ಟಿಯಾಗಿ ಅಲುಗಾಡುತ್ತಿದ್ದರೆ ಹೆದರಬೇಡಿ, ಕೆಟ್ಟಿಲ್ಲ. ಅದೇ ನೀವು ಗೆದ್ದ ಗುರುತು, ಜಿಲೆಟಿನ್ ಚೆನ್ನಾಗಿ ಇಳಿದಿದೆ. ಬಿಸಿ ಮಾಡಿದರೆ ಮತ್ತೆ ನೀರಾಗುತ್ತದೆ. ಗಟ್ಟಿಯಾಗದೆ ನೀರಾಗಿಯೇ ಇದ್ದರೆ ಮುಂದಿನ ಸಲ ಎರಡು ಕಾಲು ಜಾಸ್ತಿ ಹಾಕಿ, ಅಥವಾ ನೀರು ಕಡಿಮೆ ಮಾಡಿ. ಫ್ರಿಜ್‌ನಲ್ಲಿ ಮೂರು ದಿನ, ಫ್ರೀಜರಿನಲ್ಲಿ ಎರಡು ತಿಂಗಳು ಇಡಬಹುದು. ಕರೆಂಟ್ ಹೊತ್ತುಗಟ್ಟಲೆ ಹೋಗುವ ಊರಾದರೆ ಎರಡೇ ದಿನದಲ್ಲಿ ಮುಗಿಸಿ. ಬೇಕಾದಷ್ಟು ಮಾತ್ರ ತೆಗೆದು, ಚೆನ್ನಾಗಿ ಒಂದು ಕುದಿ ಬರಿಸಿ ಕುಡಿಯಿರಿ, ಮಿಕ್ಕಿದ್ದನ್ನು ಮತ್ತೆ ಮತ್ತೆ ಬಿಸಿ ಮಾಡಿ ಇಡಬೇಡಿ.

ರಸದ ಮೇಲೆ ಕಟ್ಟಿದ ಹಳದಿ ಕೊಬ್ಬನ್ನು ಚಮಚದಿಂದ ಎತ್ತಿದರೆ ಒಂದೇ ಬಿಲ್ಲೆಯಾಗಿ ಬರುತ್ತದೆ. ಅತ್ತೆಯವರ ಸೂಪಿಗೆ ಅದು ಬೇಡ. ಚೆಲ್ಲಬೇಡಿ, ಮೊಟ್ಟೆ ಪಲ್ಯಕ್ಕೆ ಎಣ್ಣೆ ಬದಲು ಅದನ್ನೇ ಹಾಕಿ ನೋಡಿ. ಬೆಂದ ಎಲುಬನ್ನು ಮಾತ್ರ ಬೀದಿ ನಾಯಿಗೆ ಹಾಕಬೇಡಿ, ಬೇಯಿಸಿದ ಕೋಳಿ ಎಲುಬು ಚೂಪಾಗಿ ಸೀಳಿ ಗಂಟಲಿಗೆ, ಕರುಳಿಗೆ ಚುಚ್ಚುತ್ತದೆ.